ಬಗ್ಗಿದ ಬೆನ್ನು ನೆಟ್ಟಗಾಗುವ ಪರಿ

ಅಡುಗೆಮನೆಯ ಗ್ಯಾಸ್ ಸಿಲಿಂಡರು ತುಂಬಿ ಬಂದಾಗ ಹೆಚ್ಚುಕಡಿಮೆ 30 ಕಿಲೋ ತೂಗುತ್ತದೆ. ಅದರಲ್ಲಿ ಅನಿಲದ ಪಾಲು 14.2 ಕಿಲೋ, ಮಿಕ್ಕದ್ದೆಲ್ಲ ಉಕ್ಕಿನ ಭಾರ. ಇದನ್ನು ಬಾಗಿಲಿನಿಂದ ಒಲೆಯ ಬುಡಕ್ಕೆ ಸಾಗಿಸುವ ಅವಸರದಲ್ಲಿ, ಸೊಂಟವನ್ನು ಬಗ್ಗಿಸಿ, ಬಗ್ಗಿಸಿದ್ದು ಸಾಲದೆಂಬಂತೆ ಒಂದು ಪಕ್ಕಕ್ಕೆ ತಿರುಚಿ ಎತ್ತಿದ ಆ ಒಂದು ಕ್ಷಣದಲ್ಲಿ ಒಳಗೆಲ್ಲಿಯೋ ‘ಕಳಕ್’ ಎಂದಂತಾಯಿತೆಂದೂ, ಅಂದಿನಿಂದ ನೆಟ್ಟಗೆ ನಿಲ್ಲಲಾಗದೆ, ಕೂರಲಾಗದೆ, ಕೆಮ್ಮಲೂ ಹೆದರುವಂತಾಯಿತೆಂದೂ ಹೇಳಿಕೊಳ್ಳುವ ಗೃಹಸ್ಥರು ನಮ್ಮ ಪ್ರತಿಯೊಂದು ಬೀದಿಯಲ್ಲಿಯೂ ಸಿಕ್ಕುತ್ತಾರೆ. ಅವರ ದೃಷ್ಟಿಯಲ್ಲಿ ಅಪರಾಧವೆಲ್ಲ ಸಿಲಿಂಡರಿನದು. ಆದರೆ ಕೆಳಗೆ ಬಿದ್ದ ಟವೆಲನ್ನು ಎತ್ತಿಕೊಳ್ಳುವಾಗ, ಬಚ್ಚಲಲ್ಲಿ ಮುಖಕ್ಕೆ ನೀರೆರಚಿಕೊಳ್ಳುವಾಗ, ಕೇವಲ ಒಂದು ಸೀನು ಸೀನಿದಾಗ ಇದೇ ಗತಿಗೆ ಬಂದವರೂ ಉಂಟು. ಇದನ್ನು ವಿಚಾರಿಸಿ ನೋಡಿದರೆ, ಸಿಲಿಂಡರಾಗಲಿ ಸೀನಾಗಲಿ ಕಡೆಯ ನೆಪವೇ ಹೊರತು ಮೂಲಕಾರಣವಲ್ಲವೆಂದೂ, ಅಂಗವು ಅದಕ್ಕೆ ಎಷ್ಟೋ ವರ್ಷಗಳ ಹಿಂದಿನಿಂದಲೇ ಸದ್ದಿಲ್ಲದೆ ಸಿದ್ಧವಾಗುತ್ತಿತ್ತೆಂದೂ ತಿಳಿಯುತ್ತದೆ.

ಆ ಅಂಗದ ರಚನೆಯನ್ನು ಸ್ವಲ್ಪ ನೋಡೋಣ. ನಮ್ಮ ಬೆನ್ನೆಲುಬಿನ ಮಣಿಮಣಿಗಳ ನಡುವೆ, ಕುತ್ತಿಗೆಯಿಂದ ಸೊಂಟದವರೆಗೆ, ಒಟ್ಟು 23 ಡಿಸ್ಕುಗಳಿವೆ. ಪ್ರತಿಯೊಂದರ ಹೊರಭಾಗವೂ ಹದಿನೈದರಿಂದ ಇಪ್ಪತ್ತೈದು ಪದರಗಳ ಗಟ್ಟಿಯಾದ ನಾರಿನ ಬಳೆ. ಒಂದು ಪದರದ ಎಳೆಗಳು ಬಲಕ್ಕೆ ಓರೆಯಾದರೆ ಮುಂದಿನ ಪದರದವು ಎಡಕ್ಕೆ ಓರೆಯಾಗಿ ಹೆಣೆದುಕೊಂಡಿವೆ. ಒಳಗೆ, ಬಾಲ್ಯದಲ್ಲಿ ಬಹುಪಾಲು ನೀರೇ ಆಗಿದ್ದು ವಯಸ್ಸಾದಂತೆ ಒಣಗುತ್ತ ಬರುವ ಮೆತ್ತನೆಯ ತಿರುಳು. ಹೋಳಿಗೆಯ ಕಣಕವು ಒಂದು ಕಡೆ ತೆಳುವಾದರೆ ಲಟ್ಟಿಸುವಾಗ ಹೂರಣವು ಅಲ್ಲಿಯೇ ಉಬ್ಬಿ, ಕಡೆಗೆ ಅಲ್ಲಿಯೇ ಹೊರಬೀಳುವಂತೆ, ಈ ನಾರಿನ ಬಳೆಯು ಹಿಂಬದಿಯಲ್ಲಿ ಸವೆದು ಸೀಳಿದಾಗ ತಿರುಳು ಆ ಸೀಳಿನ ಕಡೆಗೆ ತಳ್ಳಲ್ಪಡುತ್ತದೆ. ಅಲ್ಲೇ ಪಕ್ಕದಲ್ಲಿ ಕಾಲಿಗೆ ಇಳಿಯುವ ನರದ ಬೇರು ಹಾದುಹೋಗುತ್ತಿರುವುದರಿಂದ ಸೊಂಟದ ವ್ಯಾಧಿಯು ಕಾಲಿನ ವ್ಯಥೆಯಾಗಿ ಪರಿಣಮಿಸುತ್ತದೆ. ಸೊಂಟದಲ್ಲಿ ಹೀಗಾಗುವ ಪ್ರಸಂಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವು ಅತ್ಯಂತ ಕೆಳಗಿನ ಎರಡು ಡಿಸ್ಕುಗಳಿಗೆ, ಎಂದರೆ ಅತ್ಯಧಿಕವಾದ ಭಾರವನ್ನೂ ಅತ್ಯಧಿಕವಾದ ಬಾಗನ್ನೂ ಒಟ್ಟಿಗೆ ಸಹಿಸಬೇಕಾದವಕ್ಕೆ, ಸಂಬಂಧಿಸಿದವು.

ಇನ್ನೊಂದು ವಿಶೇಷವುಂಟು. ದೊಡ್ಡವರ ದೇಹದಲ್ಲಿ ರಕ್ತನಾಳವಿಲ್ಲದ ಅಂಗಗಳಲ್ಲೆಲ್ಲ ಡಿಸ್ಕೇ ದೊಡ್ಡದು. ಅದರ ಒಳಭಾಗಕ್ಕೆ ಆಹಾರವು ಮೇಲಿನ ಮತ್ತು ಕೆಳಗಿನ ಮೂಳೆಗಳಿಂದ ಜಿನುಗಿಯೇ ಬರಬೇಕು. ಹಗಲೆಲ್ಲ ದೇಹದ ಭಾರದಿಂದ ಅದರ ನೀರು ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆಳಗ್ಗೆ ಅಳೆದ ಎತ್ತರಕ್ಕಿಂತ ಸಂಜೆ ಅಳೆದ ಎತ್ತರವು ಒಂದೆರಡು ಸೆಂಟಿಮೀಟರಿನಷ್ಟು ಕಡಮೆಯಾಗುವುದು ಈ ಕಾರಣದಿಂದಲೇ. ಈ ಒಳಹೊರಗಿನ ಸಂಚಾರವು ಒತ್ತಡದ ಏರಿಳಿತವನ್ನು ಅವಲಂಬಿಸಿರುವುದರಿಂದ, ಇಡೀ ದಿನ ಒಂದೇ ಭಂಗಿಯಲ್ಲಿ ಕುಳಿತಿರುವವನ ಡಿಸ್ಕಿಗಿಂತ ಆಗಾಗ್ಗೆ ಎದ್ದು ಓಡಾಡುವವನ ಡಿಸ್ಕಿಗೆ ಹೆಚ್ಚಿನ ಅನುಕೂಲವುಂಟು.

ಕಾಲಿನ ಈ ಸೆಳೆತವನ್ನು ನಮ್ಮ ಆಯುರ್ವೇದವು ಗೃಧ್ರಸಿಯೆಂಬ ಹೆಸರಿನಿಂದ ಬಹು ಹಿಂದೆಯೇ ಬಲ್ಲದು. ಯೂರೋಪಿನಲ್ಲಿ ನೇಪಲ್ಸಿನ ವೈದ್ಯ ಡೊಮೆನಿಕೊ ಕೊಟುನ್ಯೊ 1764ರಲ್ಲಿ, ಇದು ಕೀಲಿನ ವಾತವಲ್ಲ, ನರದ ಬಾಧೆ ಎಂದು ಗ್ರಂಥವನ್ನೇ ಬರೆದನು. ಆದರೆ ನರವನ್ನು ಒತ್ತುತ್ತಿರುವುದು ಡಿಸ್ಕಿನ ತಿರುಳೆಂಬುದನ್ನು ಲೋಕಕ್ಕೆ ಒಪ್ಪುವಂತೆ ತೋರಿಸಿಕೊಟ್ಟವರು ಅಮೆರಿಕದ ಬಾಸ್ಟನ್ ನಗರದ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, 1934ರಷ್ಟು ಈಚೆಗೆ. ಅವರ ಲೇಖನವು ಪ್ರಕಟವಾದ ಮೇಲೆ ಕೆಲವು ದಶಕಗಳ ಕಾಲ ಕತ್ತರಿಸಿ ತೆಗೆಯುವುದೇ ಚಿಕಿತ್ಸೆಯೆಂಬ ಉತ್ಸಾಹವು ಬಲವಾಗಿತ್ತು. ‘ಡಿಸ್ಕ್ ಜಾರಿದೆ’ ಎಂದು ನಾವೆಲ್ಲ ಆಡುವ ಮಾತೂ ಒಂದು ಭ್ರಾಂತಿಯನ್ನು ಬೆಳೆಸಿದೆ. ಡಿಸ್ಕು ಎರಡು ಮೂಳೆಗಳಿಗೂ ಬಲವಾಗಿ ಅಂಟಿಕೊಂಡೇ ಇರುತ್ತದೆ, ಎಲ್ಲಿಗೂ ಜಾರುವುದಿಲ್ಲ. ಆದ್ದರಿಂದ ಅದನ್ನು ಹೆಬ್ಬೆರಳಿನಿಂದ ಒತ್ತಿ ಸ್ವಸ್ಥಾನಕ್ಕೆ ಕೂರಿಸಿದೆನೆನ್ನುವವರ ಮಾತನ್ನು ನಂಬಬೇಕಾದ ಕಾರಣವಿಲ್ಲ.

ಹಾಗಾದರೆ ವಾಸಿಯಾಗುವುದು ಹೇಗೆ? ರೋಗಿಗೆ ಯಾರೂ ಸಾಕಷ್ಟು ಬಿಡಿಸಿ ಹೇಳದಿರುವ ಸಂಗತಿಯು ಇಲ್ಲಿದೆ. ಹೊರಬಿದ್ದ ತಿರುಳನ್ನು ಶರೀರವು ಪರಕೀಯ ವಸ್ತುವೆಂದು ಭಾವಿಸಿ, ಅದರ ಮೇಲೆ ಭಕ್ಷಕ ಕಣಗಳನ್ನು ಬಿಟ್ಟು, ತಿಂಗಳುಗಳ ಅವಧಿಯಲ್ಲಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ಇದರಲ್ಲಿ ಒಂದು ವೈಚಿತ್ರ್ಯವೂ ಉಂಟು: ಎಂ.ಆರ್.ಐ. ಚಿತ್ರದಲ್ಲಿ ನೋಡಲು ಯಾವುದು ಹೆಚ್ಚು ಭೀಕರವೋ ಅದೇ ಹೆಚ್ಚಾಗಿ ಕರಗುವುದು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಪೂರ್ತಿಯಾಗಿ ಕಳಚಿಕೊಂಡು ಬಿದ್ದ ತುಣುಕುಗಳಲ್ಲಿ ನೂರಕ್ಕೆ 96 ತಾವಾಗಿಯೇ ಕುಗ್ಗಿದ್ದವು. ಬರಿದೆ ಉಬ್ಬಿದ್ದ ಡಿಸ್ಕುಗಳಲ್ಲಿ ಹಾಗೆ ಕುಗ್ಗಿದ್ದು ನೂರಕ್ಕೆ 13 ಮಾತ್ರ. ಉಬ್ಬಿದ್ದು ಕುಗ್ಗದಿದ್ದರೂ ನೋವು ಹೋಗುವುದಕ್ಕೆ ಅಡ್ಡಿಯಿಲ್ಲ. ಏಕೆಂದರೆ ನೋವಿಗೆ ಒತ್ತಡದಷ್ಟೇ ಕಾರಣವಾದದ್ದು ನರದ ಸುತ್ತಲಿನ ಊತ, ಮತ್ತು ಆ ಊತವು ವಾರಗಳಲ್ಲಿ ಇಳಿಯತಕ್ಕದ್ದು.

ಎಂ.ಆರ್.ಐ. ಚಿತ್ರದ ವಿಷಯವಾಗಿಯೂ ಎರಡು ಮಾತು ಹೇಳದೆ ಮುಂದುವರಿಯಲಾಗದು. ಬೆನ್ನುನೋವೇ ಇಲ್ಲದ 98 ಜನರನ್ನು ಈ ಯಂತ್ರದೊಳಗೆ ಮಲಗಿಸಿ ನೋಡಿದ, 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಅವರ ಪೈಕಿ ನೂರಕ್ಕೆ 52 ಜನರ ಬೆನ್ನಿನಲ್ಲಿ ಒಂದಾದರೂ ಡಿಸ್ಕು ಉಬ್ಬಿತ್ತು. ಎಲ್ಲ ಡಿಸ್ಕುಗಳೂ ನಿರ್ದೋಷವಾಗಿದ್ದವರು ನೂರಕ್ಕೆ 36 ಮಾತ್ರ. ಎಂದಮೇಲೆ ಆ ದೊಡ್ಡ ಲಕೋಟೆಯೊಳಗಿನ ವರದಿಯನ್ನು ಓದಿ, ‘ನನ್ನ ಬೆನ್ನು ಮುಗಿಯಿತು’ ಎಂದು ಎದೆಗುಂದುವುದು ಅವಿವೇಕ. ಚಿತ್ರವು ರೋಗಿಯ ಲಕ್ಷಣಗಳೊಡನೆ ತಾಳೆಯಾದರೆ ಮಾತ್ರ ಅದಕ್ಕೆ ಅರ್ಥವುಂಟು.

ತಾನಾಗಿಯೇ ವಾಸಿಯಾಗುವುದಾದರೆ ಸುಮ್ಮನೆ ಮಲಗಿರಬಹುದಲ್ಲವೆ ಎಂದು ಕೇಳಬಹುದು. ನಮ್ಮ ಹಿರಿಯರಲ್ಲಿ ಅನೇಕರಿಗೆ ವೈದ್ಯರು ವಿಧಿಸಿದ್ದೂ ಇದನ್ನೇ: ಮಂಚಕ್ಕೆ ಹಲಗೆ ಹಾಕಿ ತಿಂಗಳುಗಟ್ಟಲೆ ವಿಶ್ರಾಂತಿ. 1999ರಲ್ಲಿ ನೆದರ್‌ಲೆಂಡ್ಸಿನ ವೈದ್ಯರು ಕಾಲುಸೆಳೆತದ 183 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ವಾರ ಹಾಸಿಗೆಯನ್ನೂ ಇನ್ನೊಂದಕ್ಕೆ ಶಕ್ತ್ಯನುಸಾರ ಓಡಾಟವನ್ನೂ ಹೇಳಿ ಪರೀಕ್ಷಿಸಿದಾಗ, ಹನ್ನೆರಡು ವಾರಗಳ ಕೊನೆಗೆ ಎರಡು ಗುಂಪುಗಳಲ್ಲಿಯೂ ನೂರಕ್ಕೆ 87 ಜನ ಸುಧಾರಿಸಿದ್ದರು. ಹಾಸಿಗೆಯಿಂದ ಬಂದ ಲಾಭವೇನೂ ಇಲ್ಲ. ನಷ್ಟವೋ, ಸ್ನಾಯುಗಳು ಸೊರಗುವುದು ಒಂದು, ‘ಅಲುಗಾಡಿದರೆ ಅಪಾಯ’ ಎಂಬ ಭಯವು ಮನಸ್ಸಿನಲ್ಲಿ ಬೇರೂರುವುದು ಇನ್ನೊಂದು. ಈ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದೆಂದು ನನ್ನ ಅಭಿಪ್ರಾಯ. ಡಿಸ್ಕು ಮಾಗಿದ ಎಷ್ಟೋ ಕಾಲದ ಮೇಲೂ ಮನುಷ್ಯನು ಮರದ ಗೊಂಬೆಯಂತೆ ಬಿಗಿದುಕೊಂಡು ನಡೆಯುತ್ತಿರುವುದು ಈ ಭಯದಿಂದಲೇ. ಫಿಸಿಯೋಥೆರಪಿಯ ಕೆಲಸವು ಡಿಸ್ಕನ್ನು ಒಳಕ್ಕೆ ತಳ್ಳುವುದಲ್ಲ; ಪ್ರಕೃತಿಯು ತನ್ನ ಕೆಲಸವನ್ನು ಮಾಡುತ್ತಿರುವಾಗ ದೇಹದ ಚಲನೆಯನ್ನೂ ಬಲವನ್ನೂ ಧೈರ್ಯವನ್ನೂ ಕ್ರಮವರಿತು ಹಿಂದಕ್ಕೆ ತರುವುದು.

ಅದು ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡುವುದಕ್ಕಾಗಿ, ನಲವತ್ತು ದಾಟಿದ ಒಬ್ಬ ಬ್ಯಾಂಕು ಗುಮಾಸ್ತರನ್ನು ಕಲ್ಪಿಸಿಕೊಳ್ಳಿರಿ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ, ಹೋಗುತ್ತ ಬರುತ್ತ ಹಳ್ಳಕೊಳ್ಳದ ರಸ್ತೆಯಲ್ಲಿ ಸ್ಕೂಟರು. ಎಡ ಪೃಷ್ಠದಿಂದ ಹೊರಟ ಚಳಕು ತೊಡೆಯ ಹಿಂಭಾಗ, ಮೀನಖಂಡದ ಹೊರಮಗ್ಗುಲುಗಳನ್ನು ಹಾದು ಹೆಬ್ಬೆರಳಿನವರೆಗೆ ಇಳಿದಿದೆ. ಹೆಬ್ಬೆರಳು ಜುಮುಜುಮು ಎನ್ನುತ್ತಿದೆ. ನಿಂತರೆ ಮೈಯೇ ಒಂದು ಕಡೆಗೆ ವಾಲಿದೆ. ಚಿಕಿತ್ಸಕಿಯು ಮೊದಲು ಅವರನ್ನು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಹಿಮ್ಮಡಿಯ ಮೇಲೆ ನಿಲ್ಲಲಾಗದಿದ್ದರೆ ಒಂದು ನರಬೇರು, ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ ಅದರ ಕೆಳಗಿನದು ದುರ್ಬಲವಾಗಿರಬಹುದೆಂಬ ಸೂಚನೆ. ಬಳಿಕ ಅಂಗಾತ ಮಲಗಿಸಿ, ಮೊಣಕಾಲನ್ನು ಮಡಿಸದೆ ಎಡಗಾಲನ್ನು ಮೆಲ್ಲಗೆ ಮೇಲೆತ್ತುತ್ತಾರೆ. ಇನ್ನೂ ಅರ್ಧ ಎತ್ತರಕ್ಕೂ ಬಂದಿಲ್ಲ, ಗುಮಾಸ್ತರು ಹಲ್ಲುಕಚ್ಚಿ ‘ಸಾಕು ಮೇಡಂ’ ಎನ್ನುತ್ತಾರೆ. ಆ ಕೋನವೆಷ್ಟೆಂಬುದನ್ನು ಆಕೆ ಬರೆದಿಟ್ಟುಕೊಳ್ಳುತ್ತಾರೆ. ಮುಂದಿನ ವಾರಗಳಲ್ಲಿ ಪ್ರಗತಿಗೆ ಅದೂ ಒಂದು ಅಳತೆ.

ಆಮೇಲೆ ಬೋರಲು ಮಲಗುವುದು. ತುಸು ಹೊತ್ತು ಸುಮ್ಮನೆ. ಬಳಿಕ ಮೊಣಕೈಗಳ ಮೇಲೆ ಎದೆಯನ್ನೆತ್ತಿ. ಬಳಿಕ ಅಂಗೈಗಳನ್ನೂರಿ, ಸೊಂಟವನ್ನು ಸಡಿಲಬಿಟ್ಟು, ತೋಳಬಲದಿಂದ ಮಾತ್ರವೇ ಮೇಲಕ್ಕೇರಿ ಇಳಿಯುವುದು. ಹತ್ತು ಬಾರಿ ಏರಿಳಿದ ಮೇಲೆ ಚಿಕಿತ್ಸಕಿಯ ಪ್ರಶ್ನೆ: “ಕಾಲಿನ ನೋವು ಈಗ ಎಲ್ಲಿದೆ ಸರ್?”

“ಬೆರಳಲ್ಲಿ ಇಲ್ಲ ಮೇಡಂ, ಮೊಣಕಾಲಿಂದ ಮೇಲಕ್ಕೆ ಬಂದಿದೆ. ಆದರೆ ಸೊಂಟ ಮಾತ್ರ ಜಾಸ್ತಿ ಆಯ್ತು.”

“ಸೊಂಟ ಜಾಸ್ತಿ ಆದರೆ ಆಗಲಿ ಸರ್. ಕಾಲಿಗೆ ಇಳೀಬಾರದು ಅಷ್ಟೆ.”

ಈ ಪ್ರಶ್ನೋತ್ತರದಲ್ಲಿ ಇಡೀ ಚಿಕಿತ್ಸೆಯ ಕೀಲಿಕೈ ಇದೆ. ನೋವು ಹೆಬ್ಬೆರಳಿನಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಪೃಷ್ಠಕ್ಕೆ ಹಿಂದೆಗೆಯುತ್ತ ಬಂದು ಬೆನ್ನಿನ ನಡುವೆ ಸೇರಿಕೊಂಡರೆ, ಅಲ್ಲಿ ಅದು ಮೊದಲಿಗಿಂತ ತೀವ್ರವಾಗಿ ಕಂಡರೂ ಶುಭಲಕ್ಷಣ. ಸೊಂಟವು ಹಗುರವಾಗಿ ಕಾಲು ಹೆಚ್ಚು ಸೆಳೆಯತೊಡಗಿದರೆ ಆ ಚಲನೆಯನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು. ಸಾಮಾನ್ಯರ ತರ್ಕಕ್ಕೆ ಇದು ತಿರುಗುಮುರುಗಾಗಿ ತೋರುವುದರಿಂದ, ಮೊದಲನೆಯ ದಿನವೇ ಸೊಂಟದ ನೋವು ಹೆಚ್ಚಿತೆಂದು ಹೆದರಿ, ಮಾಡುತ್ತಿದ್ದ ಸರಿಯಾದ ವ್ಯಾಯಾಮವನ್ನೇ ಕೈಬಿಟ್ಟವರು ಕಡಮೆಯಲ್ಲ.

ಈ ತತ್ತ್ವವು ದೊರೆತದ್ದು ಆಕಸ್ಮಿಕವಾಗಿ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟರು, ಮೂರು ವಾರಗಳಿಂದ ಗುಣಕಾಣದಿದ್ದ ಒಬ್ಬ ರೋಗಿಗೆ ಬೋರಲು ಮಲಗಿರಲು ಹೇಳಿ ಬೇರೆ ಕಡೆ ಹೋದರು. ಹಿಂದಿನ ರೋಗಿಗಾಗಿ ಮೇಜಿನ ಒಂದು ತುದಿಯನ್ನು ಎತ್ತರಿಸಿದ್ದದ್ದು ಹಾಗೆಯೇ ಉಳಿದಿತ್ತು. ಈತನು ಅದನ್ನು ಲಕ್ಷಿಸದೆ, ಬೆನ್ನು ಹಿಂದಕ್ಕೆ ಬಾಗಿದ ಭಂಗಿಯಲ್ಲಿಯೇ ಮಲಗಿಬಿಟ್ಟಿದ್ದನು. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದ ಮೆಕೆಂಜಿಯವರಿಗೆ ಗಾಬರಿ. ಏಕೆಂದರೆ ಅಂದಿನ ವೈದ್ಯಮತದ ಪ್ರಕಾರ ಅದಕ್ಕಿಂತ ಹಾನಿಕರವಾದ ಭಂಗಿಯು ಇನ್ನೊಂದಿರಲಿಲ್ಲ. ರೋಗಿಯಾದರೋ ಕಾಲಿನ ನೋವು ಪೂರ್ತಿ ಹೋಗಿದೆಯೆಂದನು. ಬೇರೆಯವರಾಗಿದ್ದರೆ ಅದೃಷ್ಟವೆಂದು ಸುಮ್ಮನಾಗುತ್ತಿದ್ದರೇನೋ. ಮೆಕೆಂಜಿಯವರು ಆ ಸಂಗತಿಯನ್ನು ಹಿಡಿದು ಹೊರಟು, ಯಾವ ಚಲನೆಯಿಂದ ಯಾರ ನೋವು ಎತ್ತ ಸರಿಯುವುದೆಂಬುದನ್ನು ಪರೀಕ್ಷಿಸುತ್ತ, 1981ರಲ್ಲಿ ತಮ್ಮ ಪದ್ಧತಿಯನ್ನು ಗ್ರಂಥರೂಪಕ್ಕೆ ತಂದರು. ಎಲ್ಲರಿಗೂ ಹಿಂದಕ್ಕೆ ಬಾಗುವುದೇ ಮದ್ದೆಂದು ಇದರಿಂದ ತಿಳಿಯಬಾರದು. ಕೆಲವರಿಗೆ ಪಕ್ಕಕ್ಕೆ ಸರಿಯುವ ಚಲನೆ ಮೊದಲು ಬೇಕಾಗುತ್ತದೆ, ಕೆಲವರಿಗೆ ಮುಂದಕ್ಕೆ ಬಾಗುವುದೇ ಹಿತ, ಇನ್ನು ಕೆಲವರ ನೋವು ಯಾವ ದಿಕ್ಕಿಗೂ ಮಣಿಯದು. ಆದ್ದರಿಂದಲೇ ಪಕ್ಕದ ಮನೆಯವರಿಗೆ ಬರೆದುಕೊಟ್ಟ ವ್ಯಾಯಾಮದ ಚೀಟಿಯನ್ನು ನಕಲು ಮಾಡಿಕೊಳ್ಳುವುದು ಸಲ್ಲದು.

ಕಾಲಿನ ಸೆಳೆತವು ಇಳಿದ ಮೇಲೆ ಎರಡನೆಯ ಘಟ್ಟ. ಇಲ್ಲಿಂದ ಮುಂದಿನದು ಬೇಸರದ ಕೆಲಸ, ಮತ್ತು ಬಹುಮಂದಿ ತಪ್ಪಿಸಿಕೊಳ್ಳುವುದು ಇಲ್ಲಿಯೇ. ನೋವಿನ ಅವಧಿಯಲ್ಲಿ ಬೆನ್ನೆಲುಬನ್ನು ಒತ್ತಿ ಹಿಡಿದಿರುವ ಒಳಸ್ನಾಯುಗಳು ಸೊರಗಿರುತ್ತವೆ. ನೋವು ಹೋದೊಡನೆ ಅವು ತಾವಾಗಿಯೇ ಚೇತರಿಸಿಕೊಳ್ಳುವುದಿಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿ ಬೆನ್ನಿನ ಮೇಲೆ ಬೀಳುವ ಹೊರೆಯನ್ನು ದಶಕಗಳ ಕಾಲ ಅಭ್ಯಸಿಸಿದ ಸ್ಟುವರ್ಟ್ ಮೆಕ್‌ಗಿಲ್ ಎಂಬುವರು, ಡಿಸ್ಕಿಗೆ ಹೆಚ್ಚಿನ ಹೊರೆ ಬೀಳದಂತೆ ಸ್ನಾಯುಗಳನ್ನು ಬಲಪಡಿಸುವ ಮೂರು ವ್ಯಾಯಾಮಗಳನ್ನು ಆರಿಸಿದ್ದಾರೆ. ಅವುಗಳಲ್ಲಿ ಒಂದನ್ನು ಹೇಳುತ್ತೇನೆ: ಅಂಬೆಗಾಲಿನಲ್ಲಿ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಏಕಕಾಲದಲ್ಲಿ ಚಾಚಿ, ಸೊಂಟವು ಒಂದಿನಿತೂ ಓಲಾಡದಂತೆ ಎಂಟು ಹತ್ತು ಸೆಕೆಂಡು ಹಿಡಿದು, ಬದಲಿಸುವುದು. ನೋಡಲು ಮಕ್ಕಳಾಟ. ಆದರೆ ಸೊಂಟದ ಮೇಲೆ ನೀರು ತುಂಬಿದ ಲೋಟವೊಂದನ್ನಿಟ್ಟು ಮಾಡಲು ಹೇಳಿದರೆ, ಜಿಮ್ಮಿನಲ್ಲಿ ಭಾರವೆತ್ತುವ ಯುವಕನೂ ನೆನೆದು ಏಳುತ್ತಾನೆ. ಇದರ ಜೊತೆಗೆ ಪ್ರತಿನಿತ್ಯದ ನಡಿಗೆ. ಮೊದಲು ಮನೆಯ ಅಂಗಳದಲ್ಲಿ ದಿನಕ್ಕೆ ಹಲವು ಸಲ ಐದೈದು ನಿಮಿಷ, ಕ್ರಮೇಣ ಒಂದೇ ಸಲಕ್ಕೆ ಅರ್ಧ ಗಂಟೆ. ನಡಿಗೆಗೆ ಹಣವೂ ಬೇಡ, ಗುರುವೂ ಬೇಡ. ಆದ್ದರಿಂದಲೇ ಜನಕ್ಕೆ ಅದರಲ್ಲಿ ಗೌರವವಿಲ್ಲ.

ಮೂರನೆಯದು ಭಾರವೆತ್ತುವುದನ್ನು ಮರಳಿ ಕಲಿಯುವುದು. ಜರ್ಮನಿಯ ಉಲ್ಮ್ ನಗರದಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕಿನೊಳಗೇ ಒತ್ತಡಮಾಪಕವನ್ನು ಸೇರಿಸಿ ಮಾಡಿದ, 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಲಗಿರುವಾಗ 0.1 ಮೆಗಾಪಾಸ್ಕಲ್ ಇದ್ದ ಒತ್ತಡವು ನಿಂತಾಗ 0.5 ಆಯಿತು, 20 ಕಿಲೋ ಭಾರವನ್ನು ಬೆನ್ನು ಬಗ್ಗಿಸಿ ಎತ್ತಿದಾಗ 2.3ಕ್ಕೆ ಏರಿತು, ಅದನ್ನೇ ಮೊಣಕಾಲು ಮಡಿಸಿ ಎತ್ತಿದಾಗ 1.7, ಮೈಗೆ ಒತ್ತಿ ಹಿಡಿದುಕೊಂಡಾಗ 1.1. ಭಾರವೊಂದೇ, ಭಂಗಿ ಬೇರೆ. ನಮ್ಮ ತಾಯಂದಿರು ಕೊಡವನ್ನು ಕಂಕುಳಿಗೆ ಒತ್ತಿಕೊಂಡು ನಡೆಯುತ್ತಿದ್ದುದರಲ್ಲಿ ಎಷ್ಟು ವಿವೇಕವಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಅದೇ ಕೊಡವನ್ನು ಬಾವಿಕಟ್ಟೆಯಿಂದ ಬಗ್ಗಿ ಎತ್ತಿಕೊಳ್ಳುವ ಕ್ಷಣದಲ್ಲಿ ಅಷ್ಟು ವಿವೇಕವಿರಲಿಲ್ಲವೆಂಬುದೂ. ಎದ್ದೊಡನೆ ಬಗ್ಗಿ ಕಸಗುಡಿಸುವುದು, ಕೂತು ಬಟ್ಟೆ ಒಗೆಯುವುದು, ಸೂರ್ಯನಮಸ್ಕಾರ ಹಾಕುವುದು ಇವನ್ನು ಕೆಲವು ವಾರಗಳ ಮಟ್ಟಿಗಾದರೂ ಒಂದು ಗಂಟೆ ತಡಮಾಡುವುದು ಲೇಸು. ರಾತ್ರಿಯೆಲ್ಲ ನೀರು ಕುಡಿದು ಊದಿರುವ ಡಿಸ್ಕಿಗೆ ಬೆಳಗಿನ ಬಾಗು ಹೆಚ್ಚಿನ ಬಾಧೆ. ಕುಕ್ಕರಗಾಲಿನಲ್ಲಿ ಕೂರಬೇಕಾದ ಶೌಚಾಲಯದ ಮೇಲೆ ಈ ವಾರಗಳಿಗೆಂದು ಒಂದು ರಂಧ್ರದ ಕುರ್ಚಿಯನ್ನಿಡುವುದರಿಂದ ಎಷ್ಟು ಸುಖವೆಂಬುದನ್ನು ಅನುಭವಿಸಿದವರೇ ಬಲ್ಲರು.

ಯೋಗದ ವಿಷಯವಾಗಿ ಹೇಳಬೇಕಾದರೆ, ಮೆಕೆಂಜಿಯವರು ಬೋರಲು ಮಲಗಿಸಿ ಮಾಡಿಸಿದ್ದಕ್ಕೂ ನಮ್ಮ ಭುಜಂಗಾಸನಕ್ಕೂ ಅಂತರ ಬಹಳವಿಲ್ಲ. ಆದರೆ ಅದೇ ಪಾಠದ ಮುಂದಿನ ಪಶ್ಚಿಮೋತ್ತಾನಾಸನವು ಹೊಸದಾಗಿ ಡಿಸ್ಕು ಸೀಳಿದವನಿಗೆ ವಿಷಪ್ರಾಯವಾಗಬಹುದು. ಸೊಂಟದ ಬೆಲ್ಟು ಪ್ರಯಾಣದಲ್ಲಿ ನಾಲ್ಕು ದಿನ ಆಸರೆ, ವರ್ಷವಿಡೀ ಕಟ್ಟಿಕೊಂಡರೆ ಪರಾವಲಂಬನ. ಎಣ್ಣೆ, ಬಿಸಿನೀರಿನ ಚೀಲ ಇವುಗಳಿಂದ ಬಿಗಿದ ಸ್ನಾಯು ಸಡಿಲವಾಗುವುದು ನಿಜ. ಅಷ್ಟಕ್ಕೆ ಅವುಗಳನ್ನು ಆಶ್ರಯಿಸಲು ದೋಷವಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿಯನ್ನು ಮಾತ್ರ, ಎಷ್ಟೇ ಹಳೆಯದಾಗಿದ್ದರೂ, ಇನ್ನು ಬಿಡುವುದು ಕ್ಷೇಮ.

ಶಸ್ತ್ರಚಿಕಿತ್ಸೆಯನ್ನು ಶತ್ರುವೆಂದು ಎಣಿಸಬೇಕಾದ್ದಿಲ್ಲ. 2007ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸಿನ ಇನ್ನೊಂದು ಪರೀಕ್ಷೆಯಲ್ಲಿ, ಆರರಿಂದ ಹನ್ನೆರಡು ವಾರ ತೀವ್ರವಾಗಿ ನರಳಿದ್ದ 283 ರೋಗಿಗಳ ಪೈಕಿ ಒಂದು ಗುಂಪಿಗೆ ಬೇಗ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಕಾಯುವ ಚಿಕಿತ್ಸೆ. ಶಸ್ತ್ರಕ್ರಿಯೆಯಾದವರ ಕಾಲುನೋವು ನಿಸ್ಸಂಶಯವಾಗಿ ಬೇಗ ಇಳಿಯಿತು. ಕಾದವರಲ್ಲಿ ನೂರಕ್ಕೆ 39 ಜನ ಕಡೆಗೆ ಶಸ್ತ್ರಕ್ರಿಯೆಯನ್ನೇ ಮಾಡಿಸಿಕೊಂಡರು. ವರ್ಷ ತುಂಬುವ ವೇಳೆಗೆ ಎರಡು ಗುಂಪುಗಳಲ್ಲಿಯೂ ನೂರಕ್ಕೆ 95 ಜನ ಚೇತರಿಸಿಕೊಂಡಿದ್ದರು. ತಡೆಯಬಲ್ಲವನು ಕಾಯಬಹುದು, ತಡೆಯಲಾರದವನು ಕತ್ತರಿಸಿಕೊಳ್ಳುವುದರಲ್ಲಿ ಅಪಮಾನವಿಲ್ಲ. ಆದರೆ ಕಾಯಬಾರದ ಸಂದರ್ಭವೊಂದುಂಟು: ಮೂತ್ರ ಕಟ್ಟುವುದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು, ತೊಡೆಸಂದಿನ ಸುತ್ತ ಜೋಮು ಹಿಡಿದು ಸ್ಪರ್ಶ ತಿಳಿಯದಿರುವುದು, ಎರಡು ಕಾಲುಗಳೂ ಸೋಲುವುದು, ಪಾದವು ಎತ್ತಲಾಗದೆ ಜೋತುಬೀಳುವುದು. ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ, ಎಣ್ಣೆ, ನಾಳೆ ನೋಡೋಣ ಎಂಬ ಮಾತು, ಎಲ್ಲವನ್ನೂ ಬಿಟ್ಟು ಅಂದೇ, ಅದು ನಡುರಾತ್ರಿಯಾದರೂ, ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ಫಿಸಿಯೋಥೆರಪಿಗೆ ಹೊರಟಿರುವ ಓದುಗರಿಗೆ ಒಂದು ವಿಜ್ಞಾಪನೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಫಿಸಿಯೋಥೆರಪಿಯೆಂದರೆ ‘ಕರೆಂಟು ಕೊಡಿಸಿಕೊಂಡು ಬರುವುದು’. ಯಂತ್ರದ ತಂತಿಗಳನ್ನು ಬೆನ್ನಿಗೆ ಅಂಟಿಸಿಕೊಂಡು ಹದಿನೈದು ನಿಮಿಷ ಮಲಗಿ ಎದ್ದು ಬಂದರೆ ಚಿಕಿತ್ಸೆ ಮುಗಿಯಿತೆಂದೇ ಅವರ ಭಾವನೆ, ಕೆಲವು ಚಿಕಿತ್ಸಾಲಯಗಳಿಗೂ ಅದೇ ಅನುಕೂಲ. ಅದರಿಂದ ಆ ಹೊತ್ತಿಗೆ ನೋವು ಮಂದವಾಗಬಹುದು, ಸ್ನಾಯುವಿಗೆ ಬಲ ಬರುವುದಿಲ್ಲ. ನಿಮ್ಮನ್ನು ನಡೆಸಿ ನೋಡಿ, ಕಾಲೆತ್ತಿ ನೋಡಿ, ಯಾವ ಚಲನೆಗೆ ನೋವು ಎತ್ತ ಸರಿಯುತ್ತದೆಂದು ಕೇಳಿ, ಮನೆಯಲ್ಲಿ ಮಾಡತಕ್ಕ ಎರಡೋ ಮೂರೋ ವ್ಯಾಯಾಮಗಳನ್ನು ಕೈಹಿಡಿದು ಕಲಿಸದೆ, ಬರಿಯ ಯಂತ್ರಕ್ಕೆ ಒಪ್ಪಿಸಿ ಕಳುಹಿಸುವವರಾದರೆ, ಹಣ ಕಟ್ಟಿದ್ದೀರೆಂಬ ದಾಕ್ಷಿಣ್ಯಕ್ಕೆ ಸಿಕ್ಕಿಕೊಳ್ಳದೆ ಬೇರೆಯವರಲ್ಲಿಗೆ ಹೋಗಿರಿ.